ಗಾಯ ಮಾಗಬಾರದ ಮಳೆಗಾಲ

ಹೋದ ವಾರ ನೆರೆಮನೆಯವರು ಹಸುವಿನ ಕೊರಳ ಹುಣ್ಣಿಗೆ ಹೊನ್ನೆ ಎಣ್ಣೆ ಹಚ್ಚುತ್ತಿದ್ದರು. ಈಗ ಆ ಎಣ್ಣೆ ಕಾಣಲಿಕ್ಕೇ ಅಪರೂಪ. ಒಂದು ಕಾಲದಲ್ಲಿ ನಮ್ಮ ಬಿಜೂರಿನಲ್ಲಿ ದೀಪಕ್ಕೂ ಅದೇ, ಗಾಯಕ್ಕೂ ಅದೇ. ನಾನು ಬೇಲಿಯ ಈಚೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಗಾಳಿ ತಿರುಗಿ ಆ ಕಹಿ ಕಮಟು ವಾಸನೆ ಮೂಗಿಗೆ ಬಂದದ್ದೇ ಎದ್ದು ಒಳಗೆ ಹೋದೆ. ಅಣ್ಣಯ್ಯನ ಸೊಸೆ, "ಎಂತ ಆಯ್ತ್ ಮಾವಯ್ಯ, ಮೈಗ್ ಹುಷಾರಿಲ್ಯಾ?" ಎಂದು ಕೇಳಿದಳು. ಏನಿಲ್ಲ ಎಂದೆ. ಆ ದಿನ ಊಟ ಸೇರಲಿಲ್ಲ. ಅರವತ್ತಮೂರನೇ ಇಸವಿಯ ಮಳೆಗಾಲದಲ್ಲಿ ನಮ್ಮ ಮನೆಯ ಜಗಲಿಯಲ್ಲಿ ದಿನ ಬೆಳಗಾದರೆ ಇದ್ದದ್ದು ಆ ವಾಸನೆ. ಅದು ಇದ್ದಷ್ಟು ದಿನ ನನ್ನ ಎಡಗಾಲೂ ಇತ್ತು.

ನಾನು ಮಿಲಿಟರಿಗೆ ಸೇರಿದ್ದು ಐವತ್ತಾರರಲ್ಲಿ. ದೇಶಭಕ್ತಿ ಎಂದು ಹೇಳಿದರೆ ಸುಳ್ಳಾಗುತ್ತದೆ. ನಮ್ಮದು ಗೇಣಿ ಗದ್ದೆ, ಅದಕ್ಕೆ ಅಣ್ಣಯ್ಯನೊಬ್ಬನ ದುಡಿಮೆ ಸಾಕಾಗಿತ್ತು. ಊರಿನ ಬೇರೆ ಹುಡುಗರು ಬೊಂಬಾಯಿ ಹೋಟೆಲುಗಳಿಗೆ ಹೋದರು. ನನಗೆ ಹೊಗೆ, ಎಂಜಲು ತಟ್ಟೆ ಎರಡೂ ಆಗುತ್ತಿರಲಿಲ್ಲ. ಮಂಗಳೂರಿನಲ್ಲಿ ಎದೆ ಅಳೆದರು, ಓಡಿಸಿದರು, ತೆಗೆದುಕೊಂಡರು. ಏಳು ವರ್ಷ ಅಲ್ಲಿರಬೇಕು, ಆಮೇಲೆ ಮನೆಗೆ ಬರಬಹುದು. ಅಷ್ಟು ಮಾತ್ರ ನನಗೆ ಅರ್ಥವಾದ ಕರಾರು.

ಅಬ್ಬೆ ನಾನು ನಡೆಯಲು ಕಲಿಯುವ ಮೊದಲೇ ತೀರಿಕೊಂಡಿದ್ದಳು. ನನ್ನನ್ನು ಸಾಕಿದವಳು ಅಕ್ಕಯ್ಯ. ಪದ್ದು ಅಂತ ಹೆಸರು. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಮನೆಗೆ ಬಂದವಳು ಮತ್ತೆಲ್ಲೂ ಹೋಗಲಿಲ್ಲ. ಆಮೇಲಿನವನು ನಾರ್ಣ ಅಣ್ಣಯ್ಯ. ನಾನು ಕಿರಿಯವ, ಗೋಯಿಂದ. ಅರವತ್ತೆರಡರ ಬೇಸಿಗೆಯಲ್ಲಿ ರಜೆಗೆ ಬಂದಾಗಲೇ ಯಡ್ತರೆಯ ಮಂಜಯ್ಯನವರ ಮಗಳು ಗಿರಿಜಳನ್ನು ನನಗೆ ಕೊಡುವುದೆಂದು ಮಾತಾಗಿತ್ತು. ಮರುವರ್ಷ ನನ್ನ ಏಳು ವರ್ಷ ಮುಗಿಯುತ್ತದೆ, ಬಂದ ತಕ್ಷಣ ಮದುವೆ. ಅಕ್ಕಯ್ಯ ಕೊಟ್ಟಿಗೆಯ ಪಕ್ಕದ ಕೋಣೆಯ ನೆಲ ಸಾರಿಸಿ, ಗೋಡೆಗೆ ಸುಣ್ಣ ಬಳಿಸಿ ಇಟ್ಟಿದ್ದಳು. ನಾನು ಹೊರಡುವಾಗ ಅವಳು ಅಳಲಿಲ್ಲ. ಇನ್ನೊಂದು ಸಲ ಹೋಗಿ ಬಂದರೆ ಮುಗಿಯಿತಲ್ಲ.

ಆ ವರ್ಷದ ಕೊನೆಗೆ ಚೀನದವರ ಯುದ್ಧವಾಯಿತು. ಅವಧಿ ಮುಗಿದವರನ್ನೂ ಬಿಡುವುದಿಲ್ಲ ಎಂಬ ಹುಕುಂ ಬಂತು. ಯಾವತ್ತಿನವರೆಗೆ ಎಂದು ಕೇಳಿದರೆ ಮೇಲಿನವರಿಗೂ ಗೊತ್ತಿಲ್ಲ. ನನ್ನ ಏಳು ವರ್ಷ ಮುಗಿದ ದಿನ ನಾನು ಹಿಮಾಲಯದ ಒಂದು ಬೆಟ್ಟದ ಮೇಲೆ ಕೈಯಲ್ಲಿ ಹಾರೆ ಹಿಡಿದಿದ್ದೆ. ನಮ್ಮದು ರಸ್ತೆ ಕಡಿಯುವ ತುಕಡಿ. ಬಂದೂಕಿಗಿಂತ ಹಾರೆ, ಗುದ್ದಲಿ, ಮದ್ದಿನ ಕೋಲುಗಳೇ ಹೆಚ್ಚು. ಅಲ್ಲಿಯವರೆಗೆ ಇದು ನಾನಾಗಿ ಆರಿಸಿಕೊಂಡ ಕೆಲಸವಾಗಿತ್ತು. ಆ ದಿನದಿಂದ ಅದು ಬಿಡಿಸಿಕೊಳ್ಳಲಾಗದ ಕಟ್ಟಾಯಿತು.

ಒಂದು ಬೆಳಿಗ್ಗೆ ಬಂಡೆ ಸಿಡಿಸಿದ ಮೇಲೆ ಕಲ್ಲು ಸರಿಸಲು ಹೋಗಿದ್ದೆವು. ಮೇಲಿನ ಮಣ್ಣು ಸಡಿಲಾಗಿತ್ತೋ ಏನೋ, ಇಡೀ ಗುಡ್ಡವೇ ಕೆಳಗೆ ಬಂತು. ನನ್ನ ಪಕ್ಕದಲ್ಲಿದ್ದ ಇಬ್ಬರು ಮಣ್ಣಿನ ಕೆಳಗೆ ಹೋದರು. ನನ್ನ ಎಡ ಪಾದದ ಮೇಲೆ ಬಂಡೆ ಕೂತಿತ್ತು. ಅದನ್ನು ಎತ್ತಲು ಉಳಿದವರು ಬರುವವರೆಗೆ ನಾನು ನೋಡುತ್ತಿದ್ದದ್ದು ಮಣ್ಣಿನಿಂದ ಹೊರಗೆ ಉಳಿದಿದ್ದ ಒಂದು ಕೈಯನ್ನು. ಸ್ವಲ್ಪ ಹೊತ್ತು ಅದು ಅಲುಗಾಡುತ್ತಿತ್ತು.

ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಪಾದದ ಎಲುಬು ಹೇಗೆ ಹೇಗೋ ಕೂಡಿಕೊಂಡಿತು, ಹಿಮ್ಮಡಿಯ ಮೇಲಿನ ಗಾಯ ಮಾತ್ರ ಮುಚ್ಚಲಿಲ್ಲ. ಮುಚ್ಚಿದಂತೆ ಕಾಣುವುದು, ಮತ್ತೆ ಒಳಗಿಂದ ಕೀವು ಬರುವುದು. ಗಾಯಾಳುಗಳಿಂದ ಆಸ್ಪತ್ರೆ ತುಂಬಿತ್ತು. ಬೇಸಿಗೆ ಮುಗಿಯುವ ಹೊತ್ತಿಗೆ ನನಗೆ ಎರಡು ತಿಂಗಳ ಕಾಯಿಲೆ ರಜೆ ಕೊಟ್ಟು ಮನೆಗೆ ಕಳಿಸಿದರು. ರಜೆ ಮುಗಿದ ಮೇಲೆ ಹೋಗಿ ಮೆಡಿಕಲ್ ಬೋರ್ಡಿನ ಮುಂದೆ ನಿಲ್ಲಬೇಕು. ನನ್ನನ್ನು ಇಟ್ಟುಕೊಳ್ಳುವುದೋ ಬಿಡುವುದೋ ಅಲ್ಲಿನ ಡಾಕ್ಟರುಗಳು ಹೇಳುತ್ತಾರೆ.

ಮಳೆ ಹಿಡಿಯುವ ಹೊತ್ತಿಗೆ ಊರು ಮುಟ್ಟಿದೆ. ಕೋಲೂರಿಕೊಂಡು ತೋಡಿನ ಮೇಲಿನ ಮರದ ಸಂಕ ದಾಟಿ ಬರುವವನನ್ನು ಅಕ್ಕಯ್ಯ ಮೊದಲು ಯಾರೋ ಭಿಕ್ಷೆಯವನೆಂದು ತಿಳಿದಳಂತೆ. ಗುರುತು ಹತ್ತಿದ ಮೇಲೆ ಓಡಿ ಬಂದವಳು ನನ್ನ ಮುಖ ನೋಡಲಿಲ್ಲ. ಅಂಗಳದಲ್ಲೇ ಕುಕ್ಕರುಗಾಲಿನಲ್ಲಿ ಕೂತು ಪಾದದ ಪಟ್ಟಿ ಬಿಚ್ಚಿದಳು. ಮೂಸಿ ನೋಡಿದಳು.

"ಇದ್ ಒಳ್ಗೆ ಹಸಿ ಇತ್ತ್. ಒಳ್ಗಿಂದ ಒಣಗ್ಕ್," ಎಂದಳು.

ಅಂದಿನಿಂದ ಶುರುವಾಯಿತು. ಬೆಳಿಗ್ಗೆ ಒಲೆಯ ಮೇಲೆ ನೀರು ಕುದಿಸಿ ಆರಿಸುವಳು. ಆ ನೀರಲ್ಲಿ ಗಾಯ ತೊಳೆದು, ಹೊನ್ನೆ ಎಣ್ಣೆ ಬಿಸಿ ಮಾಡಿ ಬತ್ತಿಯಲ್ಲಿ ಅದ್ದಿ ಗಾಯದ ಬಾಯಿಗೆ ಇಡುವಳು. ನಾನು ಕಂಬ ಹಿಡಿದುಕೊಂಡು ಹಲ್ಲು ಕಚ್ಚುತ್ತಿದ್ದೆ. ಹಳೆಯ ಸೀರೆಯನ್ನು ಹರಿದು, ಬೇಯಿಸಿ, ಒಲೆಯ ಮೇಲಿನ ಹಗ್ಗಕ್ಕೆ ಒಣಹಾಕಿ ಅದರಿಂದ ಪಟ್ಟಿ ಕಟ್ಟುತ್ತಿದ್ದಳು. ಒಂದು ದಿನವೂ ನಿನ್ನೆಯ ಪಟ್ಟಿಯನ್ನು ಇವತ್ತಿಗೆ ಕಟ್ಟಿದವಳಲ್ಲ.

ಆಸಾಡಿ ತಿಂಗಳು ಬಂತು. ಎದುರಿನ ಗದ್ದೆಯಲ್ಲಿ ಹೆಂಗಸರು ಗೊರಬು ಹೊದ್ದು ಸಾಲಾಗಿ ಬಗ್ಗಿ ನಟ್ಟಿ ಮಾಡುತ್ತಿದ್ದರು. ಎಲೆಯ ಆ ಗೊರಬುಗಳ ಮೇಲೆ ಮಳೆ ಬೀಳುವ ಸದ್ದು ಜಗಲಿಯವರೆಗೆ ಕೇಳುತ್ತಿತ್ತು. ಅತ್ತಿಗೆ ಹೆರಿಗೆಗೆ ತೌರಿಗೆ ಹೋಗಿದ್ದಳು, ಅಣ್ಣಯ್ಯ ಹೂಟಿಗೂ ಅವನೇ, ಅಗೆ, ಅಂದರೆ ಭತ್ತದ ಸಸಿ, ಹೊರಲಿಕ್ಕೂ ಅವನೇ. ಬೆಳಿಗ್ಗೆ ಕೋಣಗಳೊಡನೆ ಇಳಿದರೆ ಮಧ್ಯಾಹ್ನ ಗಂಜಿಗೆ ಮಾತ್ರ ಮೇಲೆ ಬರುತ್ತಿದ್ದ. ಬಂದವನು ಮೊದಲು ಕೇಳುವುದು, "ಇವತ್ ಹ್ಯಾಂಗಿತ್ತ್?" ಎಂದು. ನನ್ನನ್ನಲ್ಲ, ಅಕ್ಕಯ್ಯನನ್ನು.

ಒಂದು ಬೆಳಿಗ್ಗೆ ಗಾಯ ತೊಳೆಯುವಾಗ ಅಕ್ಕಯ್ಯನ ಬೆರಳಿಗೆ ಏನೋ ಗಟ್ಟಿ ಸಿಕ್ಕಿತು. ಮೆಲ್ಲಗೆ ಎಳೆದಳು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಎಲುಬಿನ ಚೂರು. ಅದನ್ನು ಅಂಗೈಯಲ್ಲಿಟ್ಟುಕೊಂಡು ಗದ್ದೆಯ ಕಡೆ ಮುಖ ಮಾಡಿ ಕೂಗಿದಳು, "ಹ್ವಾಯ್ ನಾರ್ಣಾ, ಕಾಣ್ ಬಾ! ಕಳ್ಳ ಸಿಕ್ಕಿದ!"

ಅಣ್ಣಯ್ಯ ಕೆಸರು ಕಾಲಲ್ಲೇ ಓಡಿ ಬಂದ. ಮೂವರೂ ಆ ಚೂರನ್ನು ನೋಡಿ ನಕ್ಕೆವು. ಆ ಮಳೆಗಾಲದಲ್ಲಿ ನಾವು ಮೂವರೂ ಒಟ್ಟಿಗೆ ನಕ್ಕದ್ದು ಆ ಒಂದು ಸಲ. ಆಮೇಲೆ ಕೀವು ನಿಂತಿತು. ಗಾಯದ ಅಂಚು ಕೆಂಪಗೆ ಒಳಗೆ ಸರಿಯುತ್ತಾ ಬಂತು. ನಾನು ಕೋಲಿಲ್ಲದೆ ಬಾವಿಕಟ್ಟೆಯವರೆಗೆ ಹೋಗಿ ಬಂದೆ. ಪಾದ ಮಡಿಸಲು ಆಗುತ್ತಿರಲಿಲ್ಲ, ಹಲಗೆಯ ಹಾಗೆ ಊರಬೇಕಿತ್ತು. ಆದರೂ ನಡೆದೆ.

ನಾನು ನಡೆದಾಡುವ ಸುದ್ದಿ ಯಡ್ತರೆಗೆ ಮುಟ್ಟಿರಬೇಕು. ಮಂಜಯ್ಯನವರು ಕೊಡೆ ಹಿಡಿದು ಬಂದರು. ಗೌರವಸ್ಥ ಮನುಷ್ಯ, ಮಾತಿನಲ್ಲಿ ಕಾಠಿಣ್ಯವಿಲ್ಲ. ಬೆಲ್ಲ ನೀರು ಕುಡಿದು, ಮಳೆಯ ಬಗ್ಗೆ, ಅಗೆಯ ಬಗ್ಗೆ ಮಾತಾಡಿ ಕೊನೆಗೆ ವಿಷಯಕ್ಕೆ ಬಂದರು.

"ಗೋಯಿಂದ, ತಪ್ಪ್ ತಿಳ್ಕಣ್ ಬೇಡ. ಹೆಣ್ಣಿನ ಅಪ್ಪ ನಾ, ಕೇಣ್ದೆ ಇಪ್ಪುಕಾತಿಲ್ಲೆ. ನಿನ್ ರಜೆ ಮುಗ್ದ್ ಮೇಲೆ ಎಂತ? ಬಿಡ್ತ್ರಾ, ಇಲ್ಲ ಮತ್ತೆ ಕರ್ಕಂತ್ರಾ?"

"ಗೊತ್ತಿಲ್ಲೆ ಮಂಜಯ್ಯನೋರೆ," ಎಂದೆ.

"ಕರ್ಕಂಡ್ರೆ ಮತ್ತೆಷ್ಟ್ ವರ್ಷ?"

"ಅದೂ ಗೊತ್ತಿಲ್ಲೆ."

ಅವರು ಜಗಲಿಯ ಅಂಚಿನಲ್ಲಿ ಬೀಳುವ ನೀರನ್ನೇ ನೋಡಿದರು. "ಹ್ಯಾಂಗ್ ಕೊಡುದ್ ಹೇಳ್ ಕಾಂಬ," ಎಂದಷ್ಟೇ ಹೇಳಿ ಎದ್ದರು. ನಟ್ಟಿ ಮುಗಿಯುವವರೆಗೆ ಕಾಯುತ್ತೇನೆ ಎಂದು ಅಣ್ಣಯ್ಯನ ಹತ್ತಿರ ಅಂಗಳದಲ್ಲಿ ಹೇಳಿದರಂತೆ.

ಅವರು ಹೋದ ಮೇಲೆ ಅಣ್ಣಯ್ಯನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ತೆಕ್ಕಟ್ಟೆಯ ಒಬ್ಬರು ಹಳೆಯ ಹವಾಲ್ದಾರರು ಬಿಜೂರಿನಲ್ಲಿ ಮಗಳ ಮನೆಗೆ ಬಂದು ಕೂತಿದ್ದರು. ಬ್ರಿಟಿಷರ ಕಾಲದಲ್ಲಿ ಬರ್ಮಾ ಕಂಡವರು. ಅಣ್ಣಯ್ಯ ಹೋಗಿ ಅವರನ್ನೇ ಕರೆದುಕೊಂಡು ಬಂದ. ಅವರು ನನ್ನ ಕಾಲು ನೋಡಿ, ಮೀಸೆ ತಿರುವಿ, ಎಲೆಯಡಿಕೆ ಹಾಕಿಕೊಂಡು ಸಾವಕಾಶವಾಗಿ ಹೇಳಿದರು.

"ಕಾಣಿ, ಪಲ್ಟನಿನ ಕಾಯ್ದೆ ಸಲೀಸ್. ಗಾಯ ಗುಣ ಆಯ್ತಾ, ಬೋರ್ಡಿನವ್ರ್ ಫಿಟ್ ಅಂತ್ರ್. ಫಿಟ್ ಅಂದ್ರೆ ಮತ್ತೆ ಅದೇ ಗುಡ್ಡಿ. ಈಗ ಲಡಾಯಿ ಕಾಲ, ಅವಧಿ ಗಿವಧಿ ಎಂತದೂ ಇಲ್ಲೆ. ಗುಣ ಆಯ್ಲಿಲ್ಲ ಅಂದ್ರೆ ಸರ್ಕಾರಿ ಡಾಕ್ಟ್ರ್ ಹತ್ರ ಬರ್ಸಿ ರಜೆ ಉದ್ದ ಮಾಡ್ಕಂಬಕ್ ಆತ್. ಎರಡ್ ಮೂರ್ ಸಲ ಉದ್ದ ಮಾಡ್ರೆ ಇವ ಪ್ರಯೋಜ್ನಕ್ಕಿಲ್ಲ ಅಂದೇಳಿ ಅವ್ರೇ ಬಿಡ್ತ್ರ್."

"ಹೋಗ್ದೆ ಮನಿಯಂಗೇ ಕೂಕಂಡ್ರೆ?" ಅಣ್ಣಯ್ಯ ಕೇಳಿದ.

"ಪೊಲೀಸ್ರ್ ಬತ್ರ್. ಓಡಿ ಬಂದವ ಅಂದೇಳಿ ಎಳ್ಕಂಡ್ ಹೋತ್ರ್. ಆ ಮರ್ಯಾದಿ ಬೇಡ ನಿಮ್ಗ್."

ಮರುದಿನ ಮಧ್ಯಾಹ್ನ ಗಂಜಿ ಉಣ್ಣುವಾಗ ಅಣ್ಣಯ್ಯ ಮಾತೆತ್ತಿದ. ಅವನು ಯಾವ ಮಾತನ್ನೂ ತಟ್ಟೆ ನೋಡಿಕೊಂಡೇ ಆಡುವವನು.

"ಅಕ್ಕಯ್ಯ, ಎಣ್ಣಿ ಹಚ್ಚುದ್ ನಿಲ್ಸ್."

ಅಕ್ಕಯ್ಯ ಉಪ್ಪಿನಕಾಯಿ ಬಡಿಸುತ್ತಿದ್ದ ಕೈ ಅಲ್ಲೇ ನಿಲ್ಲಿಸಿದಳು. "ಎಂತ ಅಂದೆ?"

"ಮುಂದಿನ ವಾರ ಕುಂದಾಪ್ರಕ್ಕ್ ಹೋಯ್ಕ್. ಅಲ್ಲಿನ ಸರ್ಕಾರಿ ಆಸ್ಪತ್ರೆ ಡಾಕ್ಟ್ರ್ ಕಾಂಬತಿಗೆ ಗಾಯ ಬಾಯ್ ಬಿಟ್ಕಂಡ್ ಇರ್ಕ್. ಇಲ್ದಿದ್ರೆ ಅವ್ರ್ ಬರ್ದ್ ಕೊಡುದಿಲ್ಲೆ. ಒಂದ್ ವಾರ ಬಿಡ್, ಬರ್ಸ್ಕಂಡ್ ಬಂದ್ ಮೇಲೆ ಮತ್ತೆ ಹಚ್ಚ್."

"ನಿಂಗ್ ತಲಿ ಸಮ ಇತ್ತಾ ನಾರ್ಣ? ಮಳಿಗಾಲದ್ ಗಾಯ ನೀ ಹೇಳ್ದಲ್ಲಿ ನಿಂತ್ಕಂತಾ? ಅದೇನ್ ನಿನ್ ಕೋಣನಾ?"

"ಹಾಂಗಾರೆ ಇವ್ನ ಕಳ್ಸ್. ಗುಣ ಮಾಡಿ ಕಳ್ಸ್. ಆ ಗುಡ್ಡಿ ಬುಡಕ್ಕ್ ಕಳ್ಸ್."

ಅಕ್ಕಯ್ಯ ನನ್ನ ಕಡೆ ತಿರುಗಿದಳು. ಅವಳಿಗೆ ಆ ಗುಡ್ಡದ ವಿಷಯ ಗೊತ್ತಿತ್ತು. ನಾನು ನಿದ್ದೆಯಲ್ಲಿ ಕೂಗುವುದನ್ನು ಅವಳೇ ಕೇಳಿದವಳು, ಎಬ್ಬಿಸಿ ನೀರು ಕುಡಿಸಿದವಳು. ಮಣ್ಣಿನಿಂದ ಹೊರಗಿದ್ದ ಕೈಯ ಸಂಗತಿ ಅವಳೊಬ್ಬಳಿಗೇ ಹೇಳಿದ್ದೆ.

"ನಂಗ್ ಅಲ್ಲಿಗ್ ಹೋಪುಕಾತಿಲ್ಲೆ ಅಕ್ಕಯ್ಯ," ಎಂದೆ. ನಿಜವಾಗಿ ಆ ಹೊತ್ತಿಗೆ ಕಾಲು ಕೊಡುತ್ತೀಯಾ ಗುಡ್ಡಕ್ಕೆ ಹೋಗುತ್ತೀಯಾ ಎಂದು ಯಾರಾದರೂ ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ.

ಅಕ್ಕಯ್ಯ ಉಪ್ಪಿನಕಾಯಿಯ ಭರಣಿ ಮುಚ್ಚಿ ಒಳಗೆ ಹೋದಳು. ಆ ದಿನ ಅವಳು ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ಒಲೆಯ ಮೇಲೆ ನೀರು ಇರಲಿಲ್ಲ. ಅಕ್ಕಯ್ಯ ಕೊಟ್ಟಿಗೆಯಲ್ಲೇ ಬಹಳ ಹೊತ್ತು ಇದ್ದಳು. ಬಂದವಳು ನನ್ನ ಎದುರಿಂದಲೇ ಹಾದು ಅಡಿಗೆಮನೆಗೆ ಹೋದಳು. ಮುಂದಿನ ದಿನವೂ ಹಾಗೆಯೇ. ಹಳೆಯ ಪಟ್ಟಿಯೇ ಕಾಲ ಮೇಲಿತ್ತು. ಹೊರಗೆ ಮಳೆ ಬಿಡುವು ಕೊಡಲಿಲ್ಲ. ಗೋಡೆ, ಚಾಪೆ, ಹೊದಿಕೆ ಎಲ್ಲ ತೇವವಾಗಿ ಬೂಸಲು ಹಿಡಿದಿತ್ತು. ಪಟ್ಟಿಯೂ ಒಣಗಲಿಲ್ಲ. ಆಮೇಲೆ ಕಾಲು ಮಿಡಿಯಲು ಶುರುವಾಯಿತು. ಒಳ್ಳೆಯದೇ ಆಯಿತು, ಗಾಯ ಬಾಯಿ ಬಿಡುತ್ತಿದೆ ಎಂದುಕೊಂಡೆ. ಅಣ್ಣಯ್ಯ ಗದ್ದೆಯಿಂದ ಬಂದವನು ಈಗ ಏನೂ ಕೇಳುತ್ತಿರಲಿಲ್ಲ. ದೂರದಿಂದ ನನ್ನ ಕಾಲನ್ನು ನೋಡಿ ಮುಖ ತೊಳೆಯಲು ಹೋಗುತ್ತಿದ್ದ.

ಅಕ್ಕಯ್ಯ ಜಗಲಿ ಗುಡಿಸುತ್ತಿದ್ದವಳು ಒಂದು ಮಧ್ಯಾಹ್ನ ತಟ್ಟನೆ ನಿಂತಳು. ಹಿಡಿಸೂಡಿಯನ್ನು ಬಿಸಾಡಿ ಬಂದು ಪಟ್ಟಿ ಬಿಚ್ಚಿದಳು. ಮೊಣಕಾಲಿನ ಕೆಳಗಿನವರೆಗೂ ಬಾವು ಏರಿತ್ತು. ಚರ್ಮದ ಬಣ್ಣ ಮಾಗಿದ ನೇರಳೆಯ ಹಾಗಿತ್ತು.

"ನಾರ್ಣಾ!" ಅವಳ ಕೂಗಿಗೆ ಗದ್ದೆಯಲ್ಲಿದ್ದ ಹೆಂಗಸರೆಲ್ಲ ತಲೆ ಎತ್ತಿದರು. "ವಾಸ್ನಿ ಬತ್ತಾ ಇತ್ತ್ ನಾರ್ಣಾ! ಕೊಳಿತಾ ಇತ್ತ್!"

ನೀರು ಕಾಸಿದಳು, ತೊಳೆದಳು, ಎಣ್ಣೆ ಸುರಿದಳು. ಅವಸರಕ್ಕೆ ಅರ್ಧ ಎಣ್ಣೆ ಚಾಪೆಗೆ ಚೆಲ್ಲಿತು. ನನಗೆ ಆಗಲೇ ಚಳಿಜ್ವರ. ಬೆಳಗಾಗುವುದರೊಳಗೆ ಮಾತು ತೊದಲುತ್ತಿತ್ತಂತೆ. ಬೆಳಕು ಹರಿಯುತ್ತಲೇ ಅಣ್ಣಯ್ಯ ನನ್ನನ್ನು ಬೆನ್ನಿಗೆ ಹಾಕಿಕೊಂಡು, ಕಂಬಳಿ ಹೊದೆಸಿ, ತೋಡು ಗದ್ದೆ ದಾಟಿ ರಸ್ತೆಗೆ ತಂದ. ಮೊದಲ ಬಸ್ಸು ಸಿಕ್ಕಿತು.

ಕುಂದಾಪುರಕ್ಕೆ ಮೊದಲು ಸಿಗುವ ಹೊಳೆಗೆ ಆಗ ಸೇತುವೆ ಇರಲಿಲ್ಲ. ಬಸ್ಸು ಈ ದಡದಲ್ಲಿ ಇಳಿಸಿ ಹಿಂದೆ ಹೋಗುತ್ತಿತ್ತು, ದೋಣಿಯಲ್ಲಿ ದಾಟಿ ಆಚೆ ಬೇರೆ ಬಸ್ಸು ಹಿಡಿಯಬೇಕು. ನಾವು ಇಳಿದಾಗ ಕಡವಿನಲ್ಲಿ ದೋಣಿಗಳನ್ನೆಲ್ಲ ಮೇಲೆಳೆದು ಕಟ್ಟಿದ್ದರು. ಘಟ್ಟದ ಮೇಲೆ ಮಳೆ ಜೋರಾಗಿ ಹೊಳೆಗೆ ನೆರೆ ಬಂದಿತ್ತು. ಕೆಂಪು ನೀರು, ನಡುವೆ ಬುಡಸಮೇತ ಮರಗಳು ಉರುಳಿಕೊಂಡು ಹೋಗುತ್ತಿದ್ದವು.

ಅಣ್ಣಯ್ಯ ನನ್ನನ್ನು ಕಡವಿನ ಗುಡಿಸಲಿನಲ್ಲಿ ಮಲಗಿಸಿ ದೋಣಿಯವನ ಕೈ ಹಿಡಿದ.

"ಹ್ವಾಯ್, ತಮ್ಮ ಸಾಯ್ತಾ ಇದ್ದ. ಹ್ಯಾಂಗಾರೂ ಮಾಡಿ ದಾಟ್ಸಿ ಮಾರಾಯ್ರೆ."

"ಕಣ್ಣಂಗೆ ಕಾಂತಿಲ್ಯಾ ನಿಮ್ಗ್? ಈ ನೀರಿಗ್ ದೋಣಿ ಹಾಕ್ರೆ ಇವ್ರೂ ಇಲ್ಲೆ, ನೀವೂ ಇಲ್ಲೆ, ನಾನೂ ಇಲ್ಲೆ," ದೋಣಿಯವನು ಹೇಳಿದ. ಕೆಟ್ಟ ಮನುಷ್ಯನಲ್ಲ. ತನ್ನ ಕಂಬಳಿ ತಂದು ನನ್ನ ಮೇಲೆ ಹಾಕಿದ, ಬಿಸಿ ಗಂಜಿ ನೀರು ತಂದುಕೊಟ್ಟ.

ಅಣ್ಣಯ್ಯ ಆ ಇಡೀ ದಿನ ಗುಡಿಸಲಿನ ಬಾಗಿಲಿಗೂ ನೀರಿನ ಅಂಚಿಗೂ ಓಡಾಡಿದ. ಒಂದು ಕೋಲು ನೆಟ್ಟು ನೀರು ಇಳಿಯುತ್ತದೆಯೇ ಎಂದು ನೋಡುತ್ತಿದ್ದ. ಜ್ವರದ ನಡುವೆ ನನಗೆ ಕಾಣುತ್ತಿದ್ದದ್ದು ಬಾಗಿಲಿಗೆ ಅಡ್ಡವಾಗಿ ಬಂದು ಹೋಗುವ ಅವನ ನೆರಳು. ಆಚೆ ದಡದಲ್ಲಿ ತೆಂಗಿನ ತೋಪು ಕಾಣುತ್ತಿತ್ತು. ಕೂಗಿದರೆ ಕೇಳುವಷ್ಟು ಹತ್ತಿರ. ದೋಣಿ ಬಿಟ್ಟದ್ದು ಮರುದಿನ, ಹೊತ್ತು ಸಾಕಷ್ಟು ಏರಿದ ಮೇಲೆ.

ಕುಂದಾಪುರದ ಡಾಕ್ಟರು ಘಟ್ಟದ ಮೇಲಿನ ಕಡೆಯವರು, ವಯಸ್ಸಾದವರು. ಪಟ್ಟಿ ಬಿಚ್ಚಿಸಿ ನೋಡಿದವರು ಅಣ್ಣಯ್ಯನ ಕಡೆ ತಿರುಗಿ, "ಮೊಣಕಾಲಿನ ಕೆಳಗೆ ತೆಗೀಬೇಕು. ಈಗಲೇ. ನಿನ್ನೆ ತಂದಿದ್ದರೆ ಬೇರೆ ನೋಡಬಹುದಿತ್ತು," ಎಂದರು. ಅಣ್ಣಯ್ಯ ತಲೆ ಆಡಿಸಿದನಂತೆ.

ಪ್ರಜ್ಞೆ ಪೂರ್ತಿ ಬಂದಾಗ ಮಳೆ ನಿಂತು ಬಿಸಿಲು ಬಿದ್ದಿತ್ತು. ಹೊದಿಕೆಯ ಕೆಳಗೆ ಎಡಗಡೆ ತಗ್ಗಾಗಿತ್ತು. ಇಲ್ಲದ ಪಾದದ ಬೆರಳು ನೋಯುತ್ತಿದ್ದವು. ಅಣ್ಣಯ್ಯ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಡಾಕ್ಟರು ಬಂದು ನಾಡಿ ನೋಡಿ, ಜ್ವರ ಇಳಿದಿದೆ ಎಂದು ಸಮಾಧಾನಪಟ್ಟರು. ಜೀವ ಉಳಿಯಿತಲ್ಲ ಎಂಬ ಖುಷಿಗೇ ಇರಬೇಕು, ಅವರು ಅಣ್ಣಯ್ಯನೊಡನೆ ಮಾತಿಗೆ ನಿಂತರು.

"ನಿಮ್ಮ ತಮ್ಮನ ಪಲ್ಟನಿಗೆ ತಂತಿ ಕೊಟ್ಟಿದ್ದೇನೆ. ರಜೆಯ ಚಿಂತೆ ಬಿಡಿ. ಹೇಗೂ ಅವರು ಇವನನ್ನು ಬಿಡುವವರೇ ಇದ್ದರು."

ಅಣ್ಣಯ್ಯ ಎದ್ದು ನಿಂತ. "ಎಂತ ಅಂದ್ರಿ?"

"ಆ ಪಾದ ನೋಡಿದೆನಲ್ಲ. ಮೊದಲು ಮುರಿದ ಎಲುಬು ಅಡ್ಡಾದಿಡ್ಡಿ ಕೂಡಿ ಕಲ್ಲಿನ ಹಾಗಾಗಿತ್ತು, ಎರಡು ಬೆರಳೂ ಇರಲಿಲ್ಲ. ಅಂಥ ಪಾದದವನನ್ನು ಯಾವ ಬೋರ್ಡೂ ಮತ್ತೆ ಗುಡ್ಡ ಹತ್ತಿಸುವುದಿಲ್ಲ. ಮನೆಗೇ ಕಳಿಸುತ್ತಿದ್ದರು."

"ಗಾಯ ಗುಣ ಆದ್ರೂ?"

"ಗಾಯ ಗುಣವಾದರೂ. ಗಾಯಕ್ಕೂ ಅದಕ್ಕೂ ಏನು ಸಂಬಂಧ?"

ಅಣ್ಣಯ್ಯ ಡಾಕ್ಟರ ಮುಖವನ್ನೇ ನೋಡುತ್ತಾ ನಿಂತ. ಅವರಿಗೆ ನಾವು ಮಾಡಿದ್ದು ಗೊತ್ತಿರಲಿಲ್ಲ. ಬಡವರು, ಮಳೆಗಾಲ, ಅಲಕ್ಷ್ಯ ಎಂದು ತಿಳಿದಿದ್ದರು. ಮುಂದಿನ ಮಂಚದ ಕಡೆ ಹೋದರು. ಅಣ್ಣಯ್ಯ ಮೆಲ್ಲಗೆ ಗೋಡೆಗುಂಟ ಜಾರಿ ಮತ್ತೆ ನೆಲದ ಮೇಲೆ ಕೂತ. ಕೋಣ ಹೊಡೆಯುವ ಆ ದಪ್ಪ ಕೈಗಳನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು ಅವುಗಳನ್ನೇ ನೋಡುತ್ತಿದ್ದ. ನಾನು ಕರೆದೆ. ಅವನಿಗೆ ಕೇಳಿಸಲಿಲ್ಲ.

ಒಂದು ವಾರ ಕಳೆದು ಪಲ್ಟನಿನಿಂದ ತಂತಿ ಬಂತು. ರಜೆ ಮುಂದುವರಿಸಿದ್ದರು. ಡಾಕ್ಟರು ಅದನ್ನು ಓದಿ ಹೇಳಿದಾಗ ಪಕ್ಕದ ಮಂಚದವರೆಲ್ಲ ಒಳ್ಳೆಯದಾಯಿತು ಎಂದರು.

ಆಸಾಡಿ ಕಳೆದು ಸೋಣೆ ತಿಂಗಳಲ್ಲಿ ಮನೆಗೆ ಬಂದೆ. ಅಣ್ಣಯ್ಯನ ಬೆನ್ನ ಮೇಲೆಯೇ ಬಂದೆ. ಅಂಗಳದ ಮೆಟ್ಟಿಲಿನ ಹತ್ತಿರ ಇಳಿಸಿದ. ಹೊರಗಿಂದ ಬಂದವರಿಗೆ ಕಾಲು ತೊಳೆಯಲು ನೀರು ಕೊಡುವುದು ನಮ್ಮಲ್ಲಿ ಪದ್ಧತಿ. ಅಕ್ಕಯ್ಯ ಚೊಂಬು ಹಿಡಿದುಕೊಂಡು ಕಾಯುತ್ತಿದ್ದಳು. ಅವಳೇ ಬಗ್ಗಿ ನನ್ನ ಬಲಗಾಲಿಗೆ ನೀರು ಹೊಯ್ದು ಅಂಗೈಯಿಂದ ಉಜ್ಜಿ ತೊಳೆದಳು. ಆಮೇಲೆ ಅಭ್ಯಾಸಬಲದಿಂದ ಕೈ ಎಡಕ್ಕೆ ಹೋಯಿತು. ಚೊಂಬು ವಾಲಿತು. ನೀರು ಬರೀ ಕಲ್ಲಿನ ಮೇಲೆ ಬಿತ್ತು. ಅವಳು ಚೊಂಬನ್ನು ಎತ್ತಲಿಲ್ಲ. ಇದ್ದ ನೀರೆಲ್ಲ ಅಲ್ಲೇ ಖಾಲಿಯಾಗುವವರೆಗೆ ಹಾಗೆಯೇ ಹಿಡಿದುಕೊಂಡಿದ್ದಳು.

ಡಾಕ್ಟರು ಹೇಳಿದ ಮಾತನ್ನು ಅಣ್ಣಯ್ಯ ಅವಳಿಗೆ ಹೇಳಿದ್ದನೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ನಾನು ಹೇಳಲಿಲ್ಲ. ಊರಿನವರು ಯಾರಿಗಾದರೂ ಗಾಯವಾದರೆ ಮೊದಲು ಅವಳ ಹತ್ತಿರವೇ ಬರುತ್ತಿದ್ದರು. ಆ ವರ್ಷದಿಂದ, "ನಂಗ್ ಅದೆಲ್ಲ ಗೊತ್ತಿಲ್ಲೆ, ಆಸ್ಪತ್ರೆಗ್ ಹೋಯ್ನಿ," ಎಂದು ಬಾಗಿಲಿನಿಂದಲೇ ಕಳಿಸಿಬಿಡುತ್ತಿದ್ದಳು. ಎಣ್ಣೆಯ ಕುಪ್ಪಿಯನ್ನು ಏನು ಮಾಡಿದಳೋ, ಮನೆಯಲ್ಲಿ ಮತ್ತೆ ಕಾಣಲಿಲ್ಲ.

ಮಂಜಯ್ಯನವರು ಬಂದು ಹೋದರು. ಕಿತ್ತಳೆ ಹಣ್ಣು ತಂದಿದ್ದರು. ಗಿರಿಜಳ ಹೆಸರು ಯಾರೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಹೊರಡುವಾಗ ನನ್ನ ಭುಜದ ಮೇಲೆ ಕೈಯಿಟ್ಟರು. ಮರುವರ್ಷ ಅವಳನ್ನು ಬ್ರಹ್ಮಾವರದ ಕಡೆ ಕೊಟ್ಟರು. ಪಲ್ಟನಿನಿಂದ ಬಿಡುಗಡೆಯ ಕಾಗದ ಬಂತು. ನಾನು ಕೇಳಿದ್ದು ಅದನ್ನೇ ಅಲ್ಲವೇ, ಬಿಡುಗಡೆ. ಸುಣ್ಣ ಬಳಿದ ಆ ಕೋಣೆಯಲ್ಲಿ ನಾನೊಬ್ಬನೇ ಮಲಗಿದೆ. ಈಗಲೂ ಅಲ್ಲೇ ಮಲಗುತ್ತೇನೆ.

ಅಣ್ಣಯ್ಯ ಆ ವಿಷಯವನ್ನು ಬಾಯಿಬಿಟ್ಟು ಆಡಿದವನಲ್ಲ. ಗದ್ದೆಯ ಕೆಲಸ ಮಾಡಿದ, ಮಕ್ಕಳನ್ನು ಬೆಳೆಸಿದ, ನನ್ನನ್ನು ಒಂದು ದಿನವೂ ಹೊರೆ ಎಂದು ನೋಡಲಿಲ್ಲ. ಬೇಗ ಬೇಗ ನಡೆಯುವ ಮನುಷ್ಯ, ನನ್ನ ಊರುಗೋಲಿನ ಹಿಂದೆ ಮೆಲ್ಲಗೆ ಬರುತ್ತಿದ್ದ. ಹಿಂದೆ ಯಾಕೆ ಬರುತ್ತೀ, ಜೊತೆಗೆ ಬಾ ಎಂದರೆ, "ನೀ ಹೋಗ್, ನಾ ಬತ್ತೆ," ಎನ್ನುತ್ತಿದ್ದ.

ಕೆಲವು ವರ್ಷಗಳ ನಂತರ ಆ ಹೊಳೆಗೆ ಸೇತುವೆಯಾಯಿತು. ಮೊದಲ ಸಲ ಅದರ ಮೇಲೆ ಹೋದದ್ದು ನಾವಿಬ್ಬರೂ ಒಟ್ಟಿಗೆ, ಕುಂದಾಪುರದ ಸಂತೆಗೆ. ಮಳೆಗಾಲವೇ. ನನ್ನನ್ನು ಕಿಟಕಿಯ ಬದಿಗೆ ಕೂರಿಸಿ ಅಣ್ಣಯ್ಯ ಎದುರಿನ ಸೀಟಿನ ಕಂಬಿ ಹಿಡಿದು ಕೂತಿದ್ದ. ಕೆಳಗೆ ಕೆಂಪು ನೀರು ಭರ್ತಿ ಹರಿಯುತ್ತಿತ್ತು. ಬಸ್ಸು ಸೇತುವೆ ಹತ್ತಿತು. ಜನ ಮಾತಾಡುತ್ತಲೇ ಇದ್ದರು, ಕಂಡಕ್ಟರ್ ಯಾರದೋ ಚಿಲ್ಲರೆ ಕೊಡುತ್ತಲೇ ಇದ್ದ, ಅಷ್ಟರಲ್ಲಿ ಬಸ್ಸು ಆಚೆ ದಡದಲ್ಲಿತ್ತು.

ಅಣ್ಣಯ್ಯ ಹಿಂದೆ ತಿರುಗಿ ನೋಡಿದ. ನನ್ನ ಕಡೆ ನೋಡಿದ.

"ಇಷ್ಟೇ ಹೊತ್ತಾ ಗೋಯಿಂದ?" ಎಂದ.

ನಾನು ಹೌದು ಎಂದೆ. ಅವನು ಕಂಬಿಯ ಮೇಲೆ ಹಣೆಯಿಟ್ಟ. ಕುಂದಾಪುರ ಬರುವವರೆಗೂ ಮುಖ ಎತ್ತಲಿಲ್ಲ.